ಸ್ವಲೀನ ಬಾಲಕನೂ ಊರ ಶಾಲೆಯೂ

ಮಕ್ಕಳ ಅಕ್ಷರಾಭ್ಯಾಸದ ವಿಷಯವಾಗಿ ಹಿಂದಿನ ಸಂಚಿಕೆಯಲ್ಲಿ ನಾವು ಬರೆದ ನಾಲ್ಕು ಮಾತುಗಳನ್ನು ಓದಿ ಸುರಪುರ ಸೀಮೆಯ ಒಬ್ಬ ಗೃಹಿಣಿಯು ನಮಗೆ ಪತ್ರ ಬರೆದಿರುವರು. ಅವರ ಏಳು ವರುಷದ ಮಗನಿಗೆ ಕಣ್ಣು ಕಿವಿಗಳು ಸರಿಯಾಗಿವೆ, ಕೈಕಾಲು ಗಟ್ಟಿಯಾಗಿವೆ. ಆದರೆ ಹೆಸರು ಹಿಡಿದು ಕರೆದರೆ ತಿರುಗಿ ನೋಡನು. ಬೇಕಾದುದನ್ನು ಬಾಯಿಂದ ಕೇಳದೆ ತಾಯಿಯ ಮುಂಗೈ ಹಿಡಿದೊಯ್ದು ಅದರ ಮೇಲೆ ಇಡುವನು. ಆಟದ ಬಂಡಿಯ ಗಾಲಿಯನ್ನು ತಾಸುಗಟ್ಟಲೆ ತಿರುವುತ್ತ ಕುಳಿತುಕೊಳ್ಳುವನು. ವೈದ್ಯರು ಇದಕ್ಕೆ ಆಟಿಸಂ ಎಂದು ಹೆಸರು ಹೇಳಿದರಂತೆ. ಶಾಲೆಗೆ ಸೇರಿಸಿದರೆ ಅಲ್ಲಿಯವರು ಮೂರು ದಿವಸ ನೋಡಿ ನಾಲ್ಕನೆಯ ದಿವಸ, ಇಂಥ ಹುಡುಗನು ನಮ್ಮಲ್ಲಿ ಕಲಿಯಲಾರನು, ಮನೆಯಲ್ಲಿಯೇ ಇಟ್ಟುಕೊಳ್ಳಿರಿ ಎಂದು ತಿರುಗಿ ಕಳುಹಿಸಿದರಂತೆ. ಶಾಲೆ ಯಾವದೆಂದು ಆ ತಾಯಿ ಬರೆದಿದ್ದಾರೆ, ನಾವು ಬರೆಯುವದಿಲ್ಲ. ಅಂಥ ಉತ್ತರವನ್ನು ಕೊಡುವ ಶಾಲೆ ಅದೊಂದೇ ಅಲ್ಲ. ಮುಂದೇನು ಮಾಡಬೇಕೆಂಬದು ಅವರ ಪ್ರಶ್ನೆ. ಇದೇ ಕಷ್ಟದಲ್ಲಿರುವ ಇತರ ಮನೆಗಳೂ ನಮ್ಮ ವಾಚಕರಲ್ಲಿ ಇದ್ದೇ ಇರುವವಾದ್ದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತೇವೆ.

ಮೊದಲು ಹೆಸರಿನ ವಿಚಾರ. ಆಟಿಸಂ ಎಂಬದಕ್ಕೆ ಈಗ ಕನ್ನಡದಲ್ಲಿ ಸ್ವಲೀನತೆ ಎಂಬ ಪದವು ರೂಢವಾಗಿದೆ. ಸ್ವ ಎಂದರೆ ತಾನು, ಲೀನವೆಂದರೆ ಮುಳುಗಿದ್ದು. ತನ್ನಲ್ಲಿಯೇ ತಾನು ಮುಳುಗಿರುವಿಕೆ. ಮೂಲಶಬ್ದವೂ ‘ತಾನು’ ಎಂಬರ್ಥದ ಗ್ರೀಕ್ ಮಾತಿನಿಂದಲೇ ಹುಟ್ಟಿದ್ದು. ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ ಎಂಬ ವೈದ್ಯನು 1911ರ ಸುಮಾರಿಗೆ ಅದನ್ನು ಬೇರೊಂದು ಮನೋರೋಗದ ಲಕ್ಷಣಕ್ಕೆ ಹೆಸರಾಗಿ ಬಳಸಿದ್ದನು. 1943ರಲ್ಲಿ ಅಮೇರಿಕೆಯ ಬಾಲ್ಟಿಮೋರ್ ಪಟ್ಟಣದ ಲಿಯೊ ಕ್ಯಾನರ್ ಎಂಬವನು 11 ಮಕ್ಕಳ ವೃತ್ತಾಂತವನ್ನು ಬರೆದು, ಇದು ಬುದ್ಧಿಮಾಂದ್ಯವೂ ಅಲ್ಲ, ಹುಚ್ಚೂ ಅಲ್ಲ, ತನ್ನದೇ ಆದ ಒಂದು ಸ್ಥಿತಿ ಎಂದು ತೋರಿಸಿದನು. ಮರುವರುಷ ವಿಯೆನ್ನಾದಲ್ಲಿ ಹ್ಯಾನ್ಸ್ ಆಸ್ಪರ್ಗರನು ಇಂಥವೇ ಬೇರೆ ಮಕ್ಕಳನ್ನು ಕುರಿತು ಬರೆದನು. ಶಬ್ದವು ವ್ಯಾಕರಣಕ್ಕೆ ಸರಿಯಾಗಿದ್ದರೂ ಅರ್ಥಕ್ಕೆ ಪೂರ್ತಿಯಾಗಿ ಸರಿಹೋಗುವದಿಲ್ಲವೆಂದು ನಮ್ಮ ಅಭಿಪ್ರಾಯ. ಲೀನನಾದವನು ಯೋಗಿ, ಹೊರಗಿನದು ಅವನನ್ನು ಮುಟ್ಟದು. ಈ ಮಕ್ಕಳಲ್ಲಿ ಅನೇಕರ ಸ್ಥಿತಿಯು ಅದಕ್ಕೆ ವಿಪರೀತವಾದದ್ದು. ಸದ್ದು, ಬೆಳಕು, ವಾಸನೆ, ಅಂಗಿಯ ಹೊಲಿಗೆಯ ತುರಿಕೆ ಇವೆಲ್ಲ ನಮಗಿಂತ ಅವರಿಗೆ ಹೆಚ್ಚಾಗಿ ತಾಗುವವು. ಕಿವಿ ಮುಚ್ಚಿಕೊಂಡು ಮೂಲೆ ಸೇರುವ ಹುಡುಗನು ಲೋಕವನ್ನು ಮರೆತವನಲ್ಲ, ಲೋಕವು ಮೈಮೇಲೆ ಬಂದದ್ದರಿಂದ ಹಿಂಜರಿದವನು.

ಇಂಥವರು ಅಪರೂಪವೂ ಅಲ್ಲ. ಜಗತ್ತಿನಲ್ಲಿ 127 ಜನರಿಗೆ ಒಬ್ಬರು ಇಂಥವರಿರುವರೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ನೆಯ ವರುಷದ ಲೆಕ್ಕವನ್ನು ಹೇಳುವದು. ಆದರೆ ಒಬ್ಬನನ್ನು ಕಂಡ ಮಾತ್ರಕ್ಕೆ ಎಲ್ಲರನ್ನೂ ಅರಿತಂತಾಗದು. ಒಂದಗುಳನ್ನು ಹಿಚುಕಿ ಗಡಿಗೆಯ ಅನ್ನವೆಲ್ಲ ಬೆಂದಿದೆಯೆಂದು ಹೇಳುವದಕ್ಕೆ ನಮ್ಮವರು ಸ್ಥಾಲೀಪುಲಾಕನ್ಯಾಯ ಎನ್ನುವರು. ಆ ನ್ಯಾಯವು ಇಲ್ಲಿ ನಡೆಯುವದಿಲ್ಲ. ಒಬ್ಬನು ಒಂದು ಮಾತನ್ನೂ ಆಡನು. ಇನ್ನೊಬ್ಬನು ರೈಲಿನ ವೇಳಾಪತ್ರಿಕೆಯನ್ನು ಬಾಯಿಪಾಠವಾಗಿ ಒಪ್ಪಿಸುವನು. ಮತ್ತೊಬ್ಬನಿಗೆ ಬುದ್ಧಿಯ ಬೆಳವಣಿಗೆಯೂ ಹಿಂದುಳಿದಿರಬಹುದು.

ತಾಯಂದಿರಿಗೆ ಒಂದು ಮಾತನ್ನು ಇಲ್ಲಿ ಬಿಚ್ಚಿಯೇ ಹೇಳಬೇಕು. ಮಗುವಿನ ಈ ಸ್ಥಿತಿಗೆ ತಾಯಿಯ ತಣ್ಣನೆಯ ಸ್ವಭಾವವೇ ಕಾರಣವೆಂದು ಒಂದು ಕಾಲಕ್ಕೆ ದೊಡ್ಡ ದೊಡ್ಡ ವೈದ್ಯರೇ ಬರೆದರು. ಕ್ಯಾನರನ ಬರಹದಲ್ಲಿಯೂ ಆ ಸುಳುವು ಇತ್ತು. 1967ರಲ್ಲಿ ಬ್ರೂನೊ ಬೆಟೆಲ್‌ಹೈಮ್ ಎಂಬವನು ಅದನ್ನೇ ದೊಡ್ಡ ಗ್ರಂಥವಾಗಿ ಬರೆದನು. ಅದಕ್ಕೂ ಮೊದಲು, 1964ರಲ್ಲಿಯೇ, ತಾನೂ ಇಂಥ ಒಬ್ಬ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲಂಡ್ ಎಂಬ ಮನಶ್ಶಾಸ್ತ್ರಜ್ಞನು ಈ ಮತವನ್ನು ಖಂಡಿಸಿ, ಕಾರಣವು ಮಗುವಿನ ಮಿದುಳಿನ ರಚನೆಯಲ್ಲಿದೆಯೇ ಹೊರತು ತಾಯಿಯ ನಡತೆಯಲ್ಲಿಲ್ಲವೆಂದು ವಾದಿಸಿದ್ದನು. ಮುಂದಿನ ಶೋಧಗಳೆಲ್ಲ ಅವನ ಪಕ್ಷವನ್ನೇ ಹಿಡಿದವು; ಇದರಲ್ಲಿ ವಂಶವಾಹಿಗಳ ಪಾಲು ದೊಡ್ಡದೆಂದು ಈಗ ಗೊತ್ತಾಗಿದೆ. ಲಸಿಕೆಯಿಂದ ಇದು ಬರುವದೆಂದು 1998ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಲೇಖನವೂ ನಿಲ್ಲಲಿಲ್ಲ. ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ನಮ್ಮ ಮನೆಗಳಲ್ಲಿಯೋ ಗ್ರಹಣದಲ್ಲಿ ಹೊರಗೆ ಬಂದಳು, ಬಸುರಿಯಿದ್ದಾಗ ಅತ್ತಳು, ಹಾಲು ಸಾಲದೆ ಹೋಯಿತು ಎಂದು ಸೊಸೆಯ ತಲೆಗೆ ಕಟ್ಟುವ ಮಾತುಗಳಿಗೆ ಕೊನೆಯಿಲ್ಲ. ತಿಂಥಣಿಯ ಮೌನೇಶ್ವರನಿಗಾಗಲಿ ಗೋಗಿಯ ದರ್ಗಾಕ್ಕಾಗಲಿ ಹರಕೆ ಹೊರುವವರನ್ನು ನಾವು ತಡೆಯುವದಿಲ್ಲ. ಹರಕೆಯು ಮನಸ್ಸಿಗೆ ಬಲವನ್ನು ಕೊಟ್ಟೀತು. ಆದರೆ ಹರಕೆ ತೀರುವ ತನಕ ಶಾಲೆ ಬೇಡವೆಂದು ಎರಡು ವರುಷ ಕಳೆಯುವದು ಮಗುವಿಗೆ ನಷ್ಟ. ಮಾತು ಬಾರದ ಮಗುವಿಗೆ ಮೂರನೆಯ ವರುಷದಲ್ಲಿ ದೊರೆತ ಸಹಾಯವು ಎಂಟನೆಯ ವರುಷದಲ್ಲಿ ದೊರೆತದ್ದಕ್ಕಿಂತ ಬಹಳ ಹೆಚ್ಚು ಫಲಿಸುವದು.

ಇನ್ನು ಶಾಲೆಯು ಹಿಂದಕ್ಕೆ ಕಳುಹಿಸಿದ ಮಾತು. ಇಂಥ ಅಧಿಕಾರವು ಶಾಲೆಗೆ ಇಲ್ಲವೇ ಇಲ್ಲ. ಅಂಗವಿಕಲರ ಸಲುವಾಗಿ 1995ರಲ್ಲಿ ಆದ ಕಾಯಿದೆಯಲ್ಲಿ ಸ್ವಲೀನತೆಯ ಹೆಸರೇ ಇರಲಿಲ್ಲವೆಂಬದು ನಿಜ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಅದು ಮೊದಲು ಬಂದಿತು. 2016ರಲ್ಲಿ ಆಗಿ 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಎಣಿಸಿ ಅವುಗಳಲ್ಲಿ ಇದನ್ನೂ ಸೇರಿಸಿತು. ಸರಕಾರದ ಶಾಲೆಯಾಗಲಿ, ಸರಕಾರದ ಧನಸಹಾಯ ಅಥವಾ ಮಾನ್ಯತೆಯನ್ನು ಪಡೆದ ಶಾಲೆಯಾಗಲಿ, ಭೇದವೆಣಿಸದೆ ಇಂಥ ಮಕ್ಕಳನ್ನು ಸೇರಿಸಿಕೊಂಡು ಅವರವರಿಗೆ ತಕ್ಕ ಅನುಕೂಲಗಳನ್ನು ಒದಗಿಸತಕ್ಕದ್ದೆಂದು ಅದರ 16ನೆಯ ಕಲಮು ಹೇಳುವದು. ನೂರಕ್ಕೆ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರುಷದ ವರೆಗೆ ನೆರೆಯ ಶಾಲೆಯಲ್ಲಿ, ಇಲ್ಲವೆ ತಮಗೆ ಬೇಕಾದ ವಿಶೇಷ ಶಾಲೆಯಲ್ಲಿ, ಉಚಿತವಾಗಿ ಕಲಿಯುವ ಹಕ್ಕನ್ನು 31ನೆಯ ಕಲಮು ಕೊಟ್ಟಿದೆ. ಮನೆಯಲ್ಲಿಯೇ ಕಲಿಸುವ ಏರ್ಪಾಡು 2012ರ ತಿದ್ದುಪಡಿಯಿಂದ ಶಿಕ್ಷಣ ಹಕ್ಕಿನ ಕಾಯಿದೆಯಲ್ಲಿ ಸೇರಿರುವದು ಹೌದು. ಆದರೆ ಅದು ತೀವ್ರ ವೈಕಲ್ಯವುಳ್ಳ ಮಗುವಿಗಾಗಿ ಇರತಕ್ಕ ಆಯ್ಕೆ, ಶಾಲೆಯವರು ಬಾಗಿಲು ಮುಚ್ಚುವದಕ್ಕೆ ಕೊಟ್ಟ ನೆಪವಲ್ಲ. ಆದ ಕಾರಣ ಬಾಯಿಮಾತಿನಲ್ಲಿ ಜಗಳವಾಡದೆ, ಪ್ರವೇಶಕ್ಕಾಗಿ ಅರ್ಜಿಯನ್ನು ಬರೆದು ಕೊಟ್ಟು, ಮುಟ್ಟಿದ್ದಕ್ಕೆ ಸಹಿ ಪಡೆಯಿರಿ. ಬರೆದ ಅರ್ಜಿಗೆ ಇಲ್ಲವೆಂದು ಬರೆದು ಕೊಡುವವರು ವಿರಳ. ಅಷ್ಟಾದರೂ ಆಗದಿದ್ದರೆ ತಾಲೂಕಿನ ಕ್ಷೇತ್ರಶಿಕ್ಷಣಾಧಿಕಾರಿಗಳಿಗೂ ಜಿಲ್ಲೆಯ ಉಪನಿರ್ದೇಶಕರಿಗೂ ಅದರ ಪ್ರತಿಯನ್ನು ಕಳುಹಿಸತಕ್ಕದ್ದು.

ವೈಕಲ್ಯದ ಪ್ರಮಾಣಪತ್ರಕ್ಕೆ ಜಿಲ್ಲಾ ಆಸ್ಪತ್ರೆಯ ವೈದ್ಯಮಂಡಳಿಯ ಕಡೆಗೆ ಹೋಗಬೇಕು. ಇದರ ಅಳತೆಗೆ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯವರು 40 ಪ್ರಶ್ನೆಗಳ ಒಂದು ಮಾನದಂಡವನ್ನು ಮಾಡಿದ್ದಾರೆ. 70 ಅಂಕಗಳಿಂದ ಮೇಲಕ್ಕೆ ಸ್ವಲೀನತೆಯೆಂದು ಗಣನೆ. ಉತ್ತರ ಹೇಳತಕ್ಕವರು ಹೆಚ್ಚಾಗಿ ತಾಯಿತಂದೆಗಳೇ ಆದ್ದರಿಂದ, ಮಗುವು ಏನು ಮಾಡುವದು, ಏನು ಮಾಡದು ಎಂಬದನ್ನು ಹದಿನೈದು ದಿವಸ ಮೊದಲೇ ಬರೆದಿಟ್ಟುಕೊಂಡು ಹೋಗುವದು ಮೇಲು. ನಾಲ್ಕು ಜನರ ಮುಂದೆ ನಾಚಿಕೊಂಡು ಎಲ್ಲ ಬರುತ್ತದೆ ಎಂದು ಹೇಳಿ ಬಂದವರನ್ನು ನಾವು ಕಂಡಿದ್ದೇವೆ. ಕಾಗದವು ಬರುವ ತನಕ ಶಾಲೆಗೆ ಕಳುಹಿಸಬಾರದೆಂಬ ನಿಯಮವಿಲ್ಲ. ಮಾತಿನ ಪರೀಕ್ಷೆಗೆ ದೂರವಾದರೂ 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ವಾಕ್ ಶ್ರವಣ ಸಂಸ್ಥೆಯು ಕನ್ನಡದವರಿಗೆ ದೊಡ್ಡ ಆಸರೆ. ಮಗುವಿಗೆ ಕಿವಿ ಕೇಳಿಸುವದೋ ಇಲ್ಲವೋ ಎಂಬದನ್ನಂತೂ ಮೊದಲು ಪರೀಕ್ಷಿಸಿಕೊಳ್ಳಲೇಬೇಕು.

ಕಾಯಿದೆಯು ಮಗುವನ್ನು ಶಾಲೆಯ ಬಾಗಿಲೊಳಗೆ ತರಬಲ್ಲದು. ಅಲ್ಲಿಂದ ಮುಂದಿನದು ಮಾಸ್ತರರ ಮತ್ತು ಮನೆಯವರ ಕೆಲಸ. ನಮ್ಮ ಶಿರವಾಳದಲ್ಲಿ ಎರಡು ವರುಷಗಳಿಂದ ನಾವು ನೋಡುತ್ತಿರುವ ಒಬ್ಬ ಬಾಲಕನ ವಿಷಯವನ್ನು ಹೇಳಿದರೆ ಇದು ಸ್ಪಷ್ಟವಾದೀತು. ಅವನೂ ಮೊದಲ ವಾರದಲ್ಲಿ ಮೂರು ಸಾರೆ ಶಾಲೆಯಿಂದ ಓಡಿ ಬಂದು, ಊರ ಹೊರಗಿನ ಹಳೆಯ ಗುಡಿಯ ಕಂಬಗಳ ನಡುವೆ ಕುಳಿತಿದ್ದನು. ಬಾರುಕೋಲು ಹಿಡಿದರೆ ಕಲಿತಾನೆಂದು ಊರಿನ ಹಿರಿಯರು ಹೇಳಿದರು. ಶಾಲೆಯ ಮಾಸ್ತರರು ಹಾಗೆ ಮಾಡದೆ ತಾಯಿಯನ್ನು ಕರೆಯಿಸಿ ಅರ್ಧ ತಾಸು ಕೂಡ್ರಿಸಿಕೊಂಡು, ಮನೆಯಲ್ಲಿ ಇವನು ಯಾವಾಗ ಕಿರುಚುವನು, ಯಾವಾಗ ಸುಮ್ಮನಿರುವನು ಎಂದು ಕೇಳಿದರು. ಆ ತಾಯಿಗೆ ಓದುಬರಹ ಬರುವದಿಲ್ಲ. ಆದರೆ ಅವಳಿಗೆ ಗೊತ್ತಿದ್ದಷ್ಟು ಆ ಹುಡುಗನ ವಿಷಯದಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅವಳು ಹೇಳಿದ್ದನ್ನು ಮಾಸ್ತರರು ಒಂದು ಹಾಳೆಯ ಮೇಲೆ ಬರೆದುಕೊಂಡರು. ಗ್ರೈಂಡರಿನ ಸದ್ದಿಗೆ ಹೆದರುವನು. ಹಿಂದಿನಿಂದ ಮುಟ್ಟಿದರೆ ಬೆಚ್ಚುವನು. ಅನ್ನದಲ್ಲಿ ಸಾರು ಕಲಸಿದ್ದನ್ನು ಉಣ್ಣನು, ಒಣ ರೊಟ್ಟಿಯಾದರೆ ತಿನ್ನುವನು. ಹೊಸ ದಾರಿಯಿಂದ ಕರೆದೊಯ್ದರೆ ನೆಲಕ್ಕೆ ಬೀಳುವನು. ಆ ಹಾಳೆಯನ್ನು ನೋಡಿದ ಮೇಲೆ ಓಟದ ಕಾರಣವು ತಿಳಿಯಿತು. ಮೂರೂ ಸಾರೆ ಅವನು ಓಡಿದ್ದು ಗಂಟೆ ಬಾರಿಸಿದ ಕೂಡಲೆ.

ಆ ಶಾಲೆಯ ಗಂಟೆಯೆಂದರೆ ತೂಗುಹಾಕಿದ ಕಬ್ಬಿಣದ ತುಂಡು. ಅದರ ನಾದವು ನಮ್ಮ ಕಿವಿಗೂ ಇಂಪಲ್ಲ. ಮಾಸ್ತರರು ಒಂದು ಯುಕ್ತಿ ಮಾಡಿದರು: ಗಂಟೆ ಬಾರಿಸುವ ಮೊದಲು ಹುಡುಗನಿಗೆ ಗಂಟೆಯ ಚಿತ್ರವನ್ನು ತೋರಿಸುವದು, ಅವನನ್ನು ಕರೆದೊಯ್ದು ಅವನ ಕೈಯಿಂದಲೇ ಮೆಲ್ಲನೆ ಹೊಡೆಯಿಸುವದು. ಬರುವದು ಗೊತ್ತಿದ್ದ ಸದ್ದು, ತನ್ನ ಕೈಯಲ್ಲಿಯೇ ಇರುವ ಸದ್ದು, ಅಷ್ಟು ಹೆದರಿಸುವದಿಲ್ಲ. ತಿಂಗಳೊಳಗಾಗಿ ಅವನೇ ಶಾಲೆಯ ಗಂಟೆಯವನಾದನು. ಊಟದ ಮಾತೂ ಹೀಗೆಯೇ. ಬಿಸಿಯೂಟದ ಅಕ್ಷರ ದಾಸೋಹವು 2002ರಲ್ಲಿ ಮೊದಲು ಆರಂಭವಾದದ್ದು ನಮ್ಮ ಈಶಾನ್ಯ ಭಾಗದ ಜಿಲ್ಲೆಗಳಲ್ಲಿಯೇ. ಅದು ಎಷ್ಟೋ ಮಕ್ಕಳನ್ನು ಶಾಲೆಯಲ್ಲಿ ಉಳಿಸಿದೆ. ಆದರೆ ಅನ್ನವೂ ಸಾಂಬಾರವೂ ಕಲೆತರೆ ಮುಟ್ಟದ ಹುಡುಗನಿಗೆ ಅದು ಉಪವಾಸ. ಅವನು ಮನೆಯಿಂದ ರೊಟ್ಟಿಯನ್ನು ತರಬಹುದು, ಗದ್ದಲದ ಪಂಕ್ತಿಯ ಬದಲು ಜಗಲಿಯ ತುದಿಯಲ್ಲಿ ಕೂಡ್ರಬಹುದು ಎಂದು ಆಯಿತು. ಇದರಲ್ಲಿ ಹಣದ ಖರ್ಚೇನೂ ಬರಲಿಲ್ಲವೆಂಬದನ್ನು ವಾಚಕರು ಗಮನಿಸಬೇಕು. ಇತ್ತೀಚೆಗೆ ಅವನು ತಾನಾಗಿಯೇ ಪಂಕ್ತಿಯ ಕೊನೆಗೆ ಬಂದು ಕೂಡ್ರುತ್ತಿದ್ದಾನೆ. ಸಾರನ್ನು ಮಾತ್ರ ಈಗಲೂ ಮುಟ್ಟನು. ಬಿಡಿರಿ, ಸಾರು ಉಣ್ಣದ ಪಂಡಿತರೂ ಇದ್ದಾರೆ.

ಮಾತಿನ ವಿಷಯಕ್ಕೆ ಬಂದರೆ, ನಮ್ಮ ಅಲಂಕಾರಶಾಸ್ತ್ರವನ್ನು ಓದಿದವರಿಗೆ ಇದು ಬೇಗ ತಿಳಿಯುವದು. ಗಂಗೆಯಲ್ಲಿ ಹಳ್ಳಿಯಿದೆ ಎಂದರೆ ನೀರೊಳಗಲ್ಲ, ದಂಡೆಯ ಮೇಲೆ ಎಂದು ನಾವು ಲಕ್ಷಣೆಯಿಂದ ಅರಿತುಕೊಳ್ಳುವೆವು. ಇಂಥ ಅನೇಕ ಮಕ್ಕಳು ವಾಚ್ಯಾರ್ಥದಲ್ಲಿಯೇ ನಿಲ್ಲುವರು. ಬಾಯಿಗೆ ಬೀಗ ಹಾಕು ಎಂದರೆ ಅವರು ಬೀಗವನ್ನು ಹುಡುಕುವರು. ಪುಸ್ತಕ ತೆಗೆಯಲು ಬರುತ್ತದೆಯೇ ಎಂದರೆ ಬರುತ್ತದೆ ಎಂದು ಹೇಳಿ ಸುಮ್ಮನೆ ಕೂಡ್ರುವರು. ಅದು ಉದ್ಧಟತನವೆಂದು ಪೆಟ್ಟು ಬೀಳುವದು. ಪೆಟ್ಟು ಏಕೆ ಬಿತ್ತೆಂಬದು ಹುಡುಗನಿಗೆ ತಿಳಿಯದು. ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ಯಾವ ಮಗುವನ್ನೂ ಹೊಡೆಯಬಾರದೆಂದು ನಿಷೇಧಿಸಿರುವಾಗ, ಕಾರಣವನ್ನೇ ಅರಿಯದ ಮಗುವನ್ನು ಹೊಡೆಯುವದು ಎಂಥದೆಂದು ಬೇರೆ ಹೇಳಬೇಕಿಲ್ಲ. ಪುಸ್ತಕ ತೆಗೆ ಎಂದು ಎರಡೇ ಶಬ್ದಗಳಲ್ಲಿ ಹೇಳಿ, ಹತ್ತು ಎಣಿಸುವಷ್ಟು ಹೊತ್ತು ಕಾಯ್ದರೆ ಕೆಲಸವಾಗುವದು. ಕೆಲವರು ನಾವು ಆಡಿದ್ದನ್ನೇ ತಿರುಗಿ ಆಡುವರು. ನೀರು ಬೇಕೇನು ಎಂದು ಕೇಳಿದರೆ ನೀರು ಬೇಕೇನು ಎಂದೇ ನುಡಿಯುವರು. ಇದು ಅಣಕವಲ್ಲ. ನಮ್ಮ ಬಾಲಕನು ಬಾಯಾರಿದಾಗಲೆಲ್ಲ ತಾನಾಗಿಯೇ ನೀರು ಬೇಕೇನು ಎಂದು ಹೇಳುವದನ್ನು ಮಾಸ್ತರರು ಗುರುತಿಸಿದರು. ಅದು ಪ್ರಶ್ನೆಯಲ್ಲ, ಅವನ ಬೇಡಿಕೆ. ಆಗ ಅವರು ನೀರು ಕೊಡುತ್ತ ನನಗೆ ನೀರು ಬೇಕು ಎಂದು ಅವನ ಪರವಾಗಿ ತಾವೇ ನುಡಿಯತೊಡಗಿದರು. ಏಳು ತಿಂಗಳ ಮೇಲೆ ಅವನು ನೀರು ಬೇಕು ಎಂದನು. ‘ನನಗೆ’ ಇನ್ನೂ ಬಂದಿಲ್ಲ.

ಪಾಠದ ಕ್ರಮದಲ್ಲಿ ನಮ್ಮ ರಾಜ್ಯದ ಶಾಲೆಗಳಿಗೆ ಒಂದು ಅನುಕೂಲವಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿಯಲ್ಲಿ ಮಗುವು ಚಿತ್ರದ ಕಾರ್ಡುಗಳನ್ನು ಹಿಡಿದು, ಕಲಿಕೆಯ ಏಣಿಯ ಒಂದೊಂದು ಮೆಟ್ಟಿಲನ್ನು ತನ್ನ ವೇಗದಲ್ಲಿಯೇ ಏರುವದು. ಕಣ್ಣಿಗೆ ಕಾಣುವದನ್ನು ಬೇಗ ಹಿಡಿಯುವ ಈ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಏಣಿ ಬೇಡ. ಗುಂಪಿನ ಗದ್ದಲವಷ್ಟೇ ತೊಂದರೆ; ಅದಕ್ಕೆ ಗೋಡೆಯ ಕಡೆಗೆ ಒಂದು ನಿಶ್ಚಿತ ಸ್ಥಳವನ್ನು ಕೊಟ್ಟು ದಿನವೂ ಅಲ್ಲಿಯೇ ಕೂಡ್ರಿಸಿದರೆ ಸಾಕು. ಅರುಂಧತಿಯನ್ನು ತೋರಿಸುವವನು ಮೊದಲು ದೊಡ್ಡ ನಕ್ಷತ್ರವನ್ನು ತೋರಿಸಿ ಆಮೇಲೆ ಚಿಕ್ಕದಕ್ಕೆ ಕರೆದೊಯ್ಯುವಂತೆ, ಮಗುವಿಗೆ ಪ್ರಿಯವಾದ ವಸ್ತುವಿನಿಂದ ಹೊರಟು ಪಾಠಕ್ಕೆ ಬರಬೇಕು. ನಮ್ಮ ಬಾಲಕನಿಗೆ ಗುಡಿಯ ಕಂಬಗಳೆಂದರೆ ಪ್ರೀತಿಯಷ್ಟೆ. ಅವುಗಳನ್ನು ಮುಟ್ಟಿ ಮುಟ್ಟಿ ಎಣಿಸುವದರಿಂದಲೇ ಅವನ ಗಣಿತಕ್ಕೆ ಪ್ರಾರಂಭವಾಯಿತು. ಅವನ ಗೀಳನ್ನು ಬಿಡಿಸಬೇಕೆಂದು ಹಟ ಹಿಡಿದಿದ್ದರೆ ಆ ದಾರಿಯೂ ಮುಚ್ಚಿಹೋಗುತ್ತಿತ್ತು.

ಅಮೇರಿಕೆಯ ಟೆಂಪಲ್ ಗ್ರ್ಯಾಂಡಿನ್ ಎಂಬ ವಿದುಷಿಯ ಜೀವನದಲ್ಲಿ ಇದೇ ಕಾಣುವದು. 1947ರಲ್ಲಿ ಹುಟ್ಟಿದ ಆಕೆಗೆ ಮೂರೂವರೆ ವರುಷದ ತನಕ ಮಾತು ಬರಲಿಲ್ಲ. ಎಲ್ಲಿಯಾದರೂ ಆಶ್ರಮದಲ್ಲಿ ಬಿಡಿರೆಂಬ ಸಲಹೆಯನ್ನು ಆಕೆಯ ತಾಯಿ ಕೇಳಲಿಲ್ಲ. ಮುಂದೆ ಪ್ರೌಢಶಾಲೆಯ ಒಬ್ಬ ವಿಜ್ಞಾನದ ಗುರುವು ಆಕೆಯ ದನಗಳ ಹುಚ್ಚನ್ನೂ ಯಂತ್ರಗಳ ಹುಚ್ಚನ್ನೂ ಹೀಯಾಳಿಸದೆ ಓದಿಗೆ ತಿರುಗಿಸಿದನು. ದನಗಳು ಯಾವ ನೆರಳಿಗೆ, ಯಾವ ಸದ್ದಿಗೆ ಬೆದರುವವೆಂಬದನ್ನು ಆಕೆ ಉಳಿದವರಿಗಿಂತ ಚೆನ್ನಾಗಿ ಕಂಡು, ಅವುಗಳನ್ನು ಅಂಜಿಸದೆ ನಡೆಸುವ ದೊಡ್ಡಿಗಳನ್ನು ರಚಿಸಿ, ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಿಕೆಯಾದಳು. ಎಲ್ಲ ಮಕ್ಕಳೂ ಹೀಗಾಗುವರೆಂದು ನಾವು ಹೇಳುವದಿಲ್ಲ. ಹಾಗೆಂದು ಆಸೆ ತೋರಿಸುವದು ಬಡ ತಂದೆತಾಯಿಗಳಿಗೆ ಮೋಸ. ತನ್ನ ಬಟ್ಟೆಯನ್ನು ತಾನೇ ಉಟ್ಟು, ಅಂಗಡಿಯಲ್ಲಿ ಚಿಲ್ಲರೆ ಎಣಿಸಿ, ಹೊಟ್ಟೆ ನೋಯುತ್ತಿದೆಯೆಂದು ಹೇಳಬಲ್ಲವನಾದರೆ ಅದೂ ವಿದ್ಯೆಯೇ.

ಮಾಸ್ತರರ ಕಷ್ಟವನ್ನೂ ಮನೆಯವರು ಅರಿಯಬೇಕು. ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ, ಮೇಲೆ ಗಣತಿಯ ಕೆಲಸ, ಚುನಾವಣೆಯ ಕೆಲಸ. ಇಂಥ ಮಕ್ಕಳ ವಿಷಯವಾಗಿ ತರಬೇತಿಯಾದರೋ ಹಲವರಿಗೆ ಇಲ್ಲ. ತಾಲೂಕಿನ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಶಿಕ್ಷಕರು ಇರುವರು. ಅವರನ್ನು ಕಳುಹಿಸಬೇಕೆಂದು ಮುಖ್ಯೋಪಾಧ್ಯಾಯರೂ ಪಾಲಕರೂ ಕೂಡಿಯೇ ಬರೆದು ಕೇಳಬೇಕು. ಆದರೆ ತಾಲೂಕಿನ ಅಷ್ಟೂ ಶಾಲೆಗಳಿಗೆ ಬೆರಳೆಣಿಕೆಯ ಜನರು ಎಷ್ಟು ಸಾರೆ ಬಂದಾರು? ಪ್ರಾಥಮಿಕ ಶಾಲೆಗಳಲ್ಲಿ ಇಂಥ 10 ಮಕ್ಕಳಿಗೆ ಒಬ್ಬ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕನಿರಬೇಕೆಂಬ ಪ್ರಮಾಣವನ್ನು ಸರ್ವೋಚ್ಚ ನ್ಯಾಯಾಲಯವು 2021ರ ಅಕ್ಟೋಬರದಲ್ಲಿ ಹೇಳಿತು. ಹಳ್ಳಿಯ ಶಾಲೆಯಲ್ಲಿ ಕುಳಿತು ನೋಡುವವರಿಗೆ ಆ ಪ್ರಮಾಣವು ಇನ್ನೂ ದೂರದ ಬೆಟ್ಟ. ಆದುದರಿಂದ ಮನೆಯವರು ದೂರುಗಳ ಪಟ್ಟಿಯನ್ನಷ್ಟೇ ಹಿಡಿದುಕೊಂಡು ಶಾಲೆಗೆ ಹೋಗಬಾರದು. ತಿಂಗಳಿಗೊಮ್ಮೆ, ಗೊತ್ತಾದ ದಿವಸ, ಅರ್ಧ ತಾಸು ಮಾತಾಡಿಕೊಂಡು, ಒಂದೇ ಗುರಿಯನ್ನು ಹಿಡಿಯಬೇಕು. ಶಾಲೆಯಲ್ಲಿ ತೋರಿಸುವ ಚಿತ್ರವನ್ನೇ ಮನೆಯಲ್ಲಿ ತೋರಿಸಬೇಕು, ಶಾಲೆಯಲ್ಲಿ ಹೇಳುವ ಶಬ್ದವನ್ನೇ ಮನೆಯಲ್ಲಿ ಹೇಳಬೇಕು. ಅಲ್ಲೊಂದು ಇಲ್ಲೊಂದಾದರೆ ಈ ಮಕ್ಕಳಿಗೆ ಎರಡೂ ಸಿಕ್ಕುವದಿಲ್ಲ. ಪರೀಕ್ಷೆಯ ಕಾಲಕ್ಕೆ ಬರೆಯಿಸಿಕೊಳ್ಳುವದಕ್ಕೆ ಲಿಪಿಕಾರನೂ ಹೆಚ್ಚಿನ ವೇಳೆಯೂ ದೊರಕುವ ಸೌಲಭ್ಯವಿದೆ. ಅದಕ್ಕೆ ಮೊದಲೇ ಅರ್ಜಿ ಹಾಕಬೇಕೆಂಬದನ್ನು ಮರೆಯಬಾರದು.

ಶಿರವಾಳದ ಆ ಬಾಲಕನ ಮುಂದೆ ಈಗ ಬೇರೊಂದು ತೊಡಕು ಬಂದಿದೆ. ನಾರಾಯಣಪುರದ ಕಾಲುವೆಯ ನೀರು ನಮ್ಮ ಸೀಮೆಯ ಎಲ್ಲ ಹೊಲಗಳಿಗೂ ಮುಟ್ಟಿಲ್ಲವಾದ್ದರಿಂದ, ಸುಗ್ಗಿ ಮುಗಿದ ಮೇಲೆ ಅನೇಕರಂತೆ ಅವನ ತಂದೆತಾಯಿಗಳೂ ಬೆಂಗಳೂರಿಗೆ ಗುಳೆ ಹೋಗುವವರು. ಕಟ್ಟಡದ ಕೆಲಸದ ಜಾಗದಲ್ಲಿ ಯಂತ್ರಗಳ ಗದ್ದಲ, ತಗಡಿನ ಗುಡಿಸಲು, ದಿನಕ್ಕೊಂದು ದಾರಿ. ಹೋದ ವರುಷ ಮೂರು ತಿಂಗಳು ಅಲ್ಲಿದ್ದು ತಿರುಗಿ ಬಂದಾಗ ಹುಡುಗನು ಕಲಿತ ಶಬ್ದಗಳೆಲ್ಲ ಹೋಗಿದ್ದವು. ಗಂಟೆಯನ್ನು ಮುಟ್ಟುವದಕ್ಕೂ ಹದಿನೈದು ದಿವಸ ಹಿಡಿಯಿತು. ಈ ವರುಷ ಅವನನ್ನು ಅಜ್ಜಿಯ ಹತ್ತಿರ ಬಿಡುವದೆಂದು ಮನೆಯಲ್ಲಿ ವಿಚಾರ ನಡೆದಿದೆ. ಅಜ್ಜಿಗೆ ಕಣ್ಣು ಮಂಜು; ತಾಯಿಯನ್ನು ಬಿಟ್ಟು ಅವನು ಒಂದು ರಾತ್ರಿಯೂ ಮಲಗಿದವನಲ್ಲ. ಮಾಸ್ತರರು ಹುಡುಗನ ಹಾಳೆಯ ಇನ್ನೊಂದು ಪ್ರತಿಯನ್ನು ಬರೆದು ಅಜ್ಜಿಯ ಪಕ್ಕದ ಮನೆಯವರಿಗೆ ಓದಿ ಹೇಳಿದ್ದಾರೆ. ತಾಯಿಯು ತನ್ನದೂ ಗಂಡನದೂ ಭಾವಚಿತ್ರವನ್ನು ಶಹಾಪುರದಲ್ಲಿ ದೊಡ್ಡದಾಗಿ ತೆಗೆಯಿಸಿಕೊಂಡು ಬಂದು, ಅದನ್ನು ತೋರಿಸಿ ತೋರಿಸಿ ಬಸ್ಸು, ಬೆಂಗಳೂರು, ತಿರುಗಿ ಮನೆ ಎಂದು ದಿನವೂ ಅವನಿಗೆ ಹೇಳುತ್ತಿದ್ದಾಳೆ. ಹೊರಡುವ ದಿವಸ ಇನ್ನೂ ಗೊತ್ತಾಗಿಲ್ಲ.